ಹಳೆ ಮಾರುತಿಯ ಆಯಿಲ್ ಸೋರಿಕೆ: ಬಿಚ್ಚುವ ಮೊದಲು ಮೂಲ ಹುಡುಕಿ

ಮಾರುತಿ 800 ಬಂದದ್ದು 1983ರಲ್ಲಿ, ನಿಂತದ್ದು 2014ರಲ್ಲಿ. ಓಮ್ನಿ 2019ರಲ್ಲಿ ನಿಂತಿತು. ಆದರೆ ನಮ್ಮ ಹಳ್ಳಿಗಳಲ್ಲಿ ಇವು ಇನ್ನೂ ನಿವೃತ್ತಿಯಾಗಿಲ್ಲ. ಅಡಿಕೆ ಮೂಟೆ, ತೆಂಗಿನಕಾಯಿ, ಹಿಂಡಿ, ಆಸ್ಪತ್ರೆಗೆ ಹೋಗುವ ಅಜ್ಜಿ, ಎಲ್ಲಕ್ಕೂ ಅದೇ ಗಾಡಿ. ವಯಸ್ಸಾದ ಮೇಲೆ ಇಂಜಿನ್ ಆಯಿಲ್ ಸೋರುವುದೂ ಸಹಜ. ಇದು ಯಾವ ಕಂಪೆನಿಯ ಗಾಡಿಗೂ ತಪ್ಪಿದ್ದಲ್ಲ. ಕಾರ್ಕ್, ರಬ್ಬರ್‌ಗಳು ಬಿಸಿಗೆ ಗಟ್ಟಿಯಾಗಿ, ಕುಗ್ಗಿ, ಬಿರುಕು ಬಿಡುತ್ತವೆ.

ನಿಂತ ಜಾಗದಲ್ಲಿ ಕಪ್ಪು ಕಲೆ ಕಂಡ ಕೂಡಲೇ ‘ಗ್ಯಾಸ್ಕೆಟ್ ಹೋಯ್ತು, ಇಂಜಿನ್ ಇಳಿಸ್ಬೇಕು’ ಎಂಬ ಮಾತು ಬರುತ್ತದೆ. ನಿಲ್ಲಿ ಮಾರಾಯ್ರೇ! ಇಂಜಿನ್‌ನಲ್ಲಿ ಗ್ಯಾಸ್ಕೆಟ್ ಒಂದಲ್ಲ, ಹಲವು. ಮೇಲಿನದ್ದು ಹೋದರೆ ಅರ್ಧ ಗಂಟೆಯ ಕೆಲಸ. ಹೆಡ್ ಗ್ಯಾಸ್ಕೆಟ್ ಹೋದರೆ ದೊಡ್ಡ ಖರ್ಚು. ಯಾವುದು ಹೋಗಿದೆಯೆಂದು ನಾವೇ ತಿಳಿದುಕೊಂಡು ಗ್ಯಾರೇಜಿಗೆ ಹೋದರೆ ಹಣವೂ ಉಳಿಯುತ್ತದೆ, ಗಾಡಿಯೂ ಉಳಿಯುತ್ತದೆ.

ಎಷ್ಟು ಸೋರಿದರೆ ಎಷ್ಟು?

ಸುಮಾರು 20 ಹನಿಗೆ ಒಂದು ಮಿ.ಲೀ. ನಿಮಿಷಕ್ಕೆ ಒಂದು ಹನಿಯಂತೆ ದಿನವಿಡೀ ಬಿದ್ದರೆ 72 ಮಿ.ಲೀ. ಆಯಿತು. ತಿಂಗಳಿಗೆ ಎರಡು ಲೀಟರು! ಈ ಇಂಜಿನ್ ಹಿಡಿಯುವುದೇ ಮೂರು ಲೀಟರಿನೊಳಗೆ. ಆದ್ದರಿಂದ ಸೋರುವ ಗಾಡಿಯ ಡಿಪ್‌ಸ್ಟಿಕ್ಕನ್ನು ವಾರಕ್ಕೊಮ್ಮೆ, ಸಮತಟ್ಟು ಜಾಗದಲ್ಲಿ, ಇಂಜಿನ್ ತಣಿದಾಗ ನೋಡಲೇಬೇಕು. ಕೆಳಗಿನ ಗುರುತಿಗಿಂತ ಇಳಿದ ಮೇಲೂ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಆಗ ಗ್ಯಾಸ್ಕೆಟ್ಟಿನ ಲೆಕ್ಕ ಸಣ್ಣದಾಗಿ ಕಾಣುತ್ತದೆ.

ಮೂಲ ಹುಡುಕುವ ಕ್ರಮ

ಆಯಿಲ್ ಮೇಲಿನಿಂದ ಕೆಳಗೆ ಹರಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಹನಿ ಬೀಳುವ ಜಾಗವೇ ಸೋರುವ ಜಾಗ ಅಲ್ಲ.

1. ತಣಿದ ಇಂಜಿನ್ನನ್ನು ಹಳೆ ಬ್ರಶ್ಶು, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ವಯರು, ಡಿಸ್ಟ್ರಿಬ್ಯೂಟರಿಗೆ ತಾಗಿಸಬೇಡಿ.
2. ಅನುಮಾನವಿರುವ ಜೋಡಣೆಗಳ ಮೇಲೆ ಮುಖಕ್ಕೆ ಹಾಕುವ ಪೌಡರ್ ಉದುರಿಸಿ.
3. ಹತ್ತು ಹದಿನೈದು ಕಿ.ಮೀ. ಓಡಿಸಿ, ಇಂಜಿನ್ ಆಫ್ ಮಾಡಿ ಟಾರ್ಚ್ ಹಾಕಿ ನೋಡಿ. ಪೌಡರ್ ಒದ್ದೆಯಾದ ಅತ್ಯಂತ ಮೇಲಿನ ಜಾಗವೇ ಮೂಲ.
4. ರಾತ್ರಿ ಗಾಡಿಯಡಿ ರಟ್ಟು ಹಾಸಿ. ಕಪ್ಪಾಗಿದ್ದರೆ ಇಂಜಿನ್ ಆಯಿಲ್. ಹಸಿರು ಅಥವಾ ಕೆಂಪು ನೀರಾದರೆ ಕೂಲೆಂಟ್. ಪೆಟ್ರೋಲ್ ವಾಸನೆ ಬಂದರೆ ಅದನ್ನು ಸರಿ ಮಾಡದೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ.

ಓಮ್ನಿಯ ಇಂಜಿನ್ ಮುಂದಿನ ಸೀಟಿನಡಿ ಇರುವುದರಿಂದ ಸೀಟು ಎತ್ತಿದರೆ ಮೇಲ್ಭಾಗ ಕಾಣುತ್ತದೆ. ಗಾಡಿಯೊಳಗೆ ಸುಟ್ಟ ಎಣ್ಣೆಯ ವಾಸನೆ ಬಂದರೆ ಆಯಿಲ್ ಸೈಲೆನ್ಸರ್ ಪೈಪಿನ ಮೇಲೆ ಬೀಳುತ್ತಿರಬಹುದು. ಬೆಂಕಿಯ ಅಪಾಯ ಇದೆ, ತಡ ಮಾಡಬೇಡಿ.

ಮೊದಲು ಉಸಿರು ನೋಡಿ

ಇಂಜಿನ್ ಒಳಗಿನ ಗಾಳಿ ಹೊರಹೋಗಲು ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ರಬ್ಬರ್ ಪೈಪು ಇರುತ್ತದೆ. ಅದು ಜಿಡ್ಡು ಕಟ್ಟಿದರೆ ಒತ್ತಡ ಹೆಚ್ಚಿ ಇದ್ದ ಗ್ಯಾಸ್ಕೆಟಿನಲ್ಲೆಲ್ಲ ಆಯಿಲ್ ಹೊರಬರುತ್ತದೆ. ಪೈಪು ತೆಗೆದು ತೊಳೆದರೇ ಎಷ್ಟೋ ಸೋರಿಕೆ ಕಡಿಮೆಯಾಗುತ್ತದೆ. ಪೈಪು ಸರಿಯಿದ್ದೂ, ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ದಟ್ಟ ಹೊಗೆ ಗಪ್ ಗಪ್ ಎಂದು ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ಬರೇ ಗ್ಯಾಸ್ಕೆಟ್ ಬದಲಿಸಿ ಪ್ರಯೋಜನ ಇಲ್ಲ.

ಟ್ಯಾಪೆಟ್ ಕವರ್: ನಾವೇ ಮಾಡಬಹುದು

ಹೆಚ್ಚಾಗಿ ಸೋರುವುದು ಇಲ್ಲೇ. ತಣಿದ ಇಂಜಿನ್ ಮೇಲಿನ ಧೂಳು ಒರೆಸಿ ಕವರ್ ಬಿಚ್ಚಿ. ಹಳೆ ಗ್ಯಾಸ್ಕೆಟನ್ನು ಮರದ ಚಕ್ಕೆಯಿಂದ ಕೆರೆಯಿರಿ. ಹೆಡ್ ಅಲ್ಯೂಮಿನಿಯಮಿನದ್ದು, ಸ್ಕ್ರೂಡ್ರೈವರ್ ತಾಗಿಸಿದರೆ ಗೀರು ಬಿದ್ದು ಅಲ್ಲೇ ಮತ್ತೆ ಸೋರುತ್ತದೆ. ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿಕೊಳ್ಳಿ, ಕೊನೆಗೆ ಬಟ್ಟೆ ತೆಗೆಯಲು ಮರೆಯಬೇಡಿ. ತೀರಾ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿ ತೆಗೆಯಿರಿ.

ಗ್ಯಾಸ್ಕೆಟ್ ಪೇಸ್ಟ್ ಮೂಲೆಗಳಿಗೆ ತೆಳ್ಳಗೆ ಸಾಕು. ದಪ್ಪ ಬಳಿದರೆ ಉಳಿದದ್ದು ಒಳಗೆ ಉದುರಿ ಆಯಿಲ್ ದಾರಿ ಕಟ್ಟಬಹುದು. ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬೇಡಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ‘ಸೋರ್ತದೆ, ಇನ್ನೂ ಬಿಗಿ ಮಾಡು’ ಎಂಬುದೇ ದೊಡ್ಡ ತಪ್ಪು. ಜಾಸ್ತಿ ಬಿಗಿದರೆ ಗ್ಯಾಸ್ಕೆಟ್ ಹಿಂಡಿ ಹೊರಬರುತ್ತದೆ, ಅಂಚು ಬಾಗುತ್ತದೆ, ಮರೆಯೂ ಹೋಗುತ್ತದೆ. ಕೆಳಗಿನ ತಗಡಿನ ಚೇಂಬರಿಗೂ ಇದೇ ಮಾತು. ಬಾಗಿದ ಅಂಚನ್ನು ತಟ್ಟಿ ಸಮ ಮಾಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಹಣ ದಂಡ.

ಹೆಡ್ಡಿನ ತುದಿಯಲ್ಲಿ ಡಿಸ್ಟ್ರಿಬ್ಯೂಟರ್ ಕೂರುವ ಜಾಗವನ್ನೂ ನೋಡಿ. ಅಲ್ಲಿನ ಸಣ್ಣ ರಬ್ಬರ್ ರಿಂಗ್ ಹೋದರೂ ಇಂಜಿನ್ ಪೂರ್ತಿ ಎಣ್ಣೆಯಾಗುತ್ತದೆ.

ಸೀಲುಗಳಿಗೆ ಸಮಯ ನೋಡಿ

ಟೈಮಿಂಗ್ ಬೆಲ್ಟ್ ಕಡೆಯ ಸೀಲ್ ಸೋರಿ ಬೆಲ್ಟಿಗೆ ಆಯಿಲ್ ತಾಗಿದರೆ ಬೆಲ್ಟ್ ಬೇಗ ಹಾಳು. ಸೀಲ್, ಬೆಲ್ಟ್ ಒಟ್ಟಿಗೇ ಬದಲಿಸಿ. ಇಂಜಿನ್, ಗೇರ್‌ಬಾಕ್ಸ್ ಸೇರುವಲ್ಲಿ ಹನಿ ಬಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್ ಇರಬಹುದು. ಇದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಸಣ್ಣ ಸೋರಿಕೆಯಾದರೆ ಆಯಿಲ್ ನೋಡಿಕೊಳ್ಳುತ್ತಾ ಇರಿ, ಕ್ಲಚ್ ಪ್ಲೇಟ್ ಬದಲಿಸುವಾಗ ಸೀಲನ್ನೂ ಹಾಕಿಸಿ. ಕೂಲಿ ಒಂದೇ ಸಲ ಕೊಟ್ಟರಾಯಿತು. ಆದರೆ ಆಯಿಲ್ ತಾಗಿ ಕ್ಲಚ್ ಜಾರಲು ಶುರುವಾದರೆ, ಘಾಟಿ ಹತ್ತುವವರು ಕಾಯಬಾರದು.

ಹೆಡ್ ಗ್ಯಾಸ್ಕೆಟ್ ಬೇರೆ ಜಾತಿ

ಹೊರಗೆ ಹನಿಯದೆ ರೇಡಿಯೇಟರ್ ನೀರು ಕಡಿಮೆಯಾಗುವುದು, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಎಡೆಬಿಡದ ಗುಳ್ಳೆ, ಡಿಪ್‌ಸ್ಟಿಕ್ಕಿನಲ್ಲಿ ಮಜ್ಜಿಗೆಯಂಥ ಆಯಿಲ್. ಇವು ಹೆಡ್ ಗ್ಯಾಸ್ಕೆಟ್ ಹೋದದ್ದರ ಲಕ್ಷಣ. ಬಿಸಿ ರೇಡಿಯೇಟರಿನ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ.

ಮಳೆಗಾಲದಲ್ಲಿ ಒಂದು ಎಚ್ಚರ. ಹಾಲಿನ ಸೊಸೈಟಿವರೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಒಳಗೆ ಬಿಳಿ ಜಿಡ್ಡು ಕಟ್ಟುವುದುಂಟು. ಡಿಪ್‌ಸ್ಟಿಕ್ ಸ್ವಚ್ಛವಿದ್ದು ನೀರೂ ಇಳಿಯದಿದ್ದರೆ ಅದು ತೇವಾಂಶ ಅಷ್ಟೇ. ಒಮ್ಮೆ ದೂರ ಓಡಿಸಿ, ಮುಚ್ಚಳ ಒರೆಸಿ ನೋಡಿ. ಇದನ್ನೇ ನೋಡಿ ಹೆಡ್ ಬಿಚ್ಚಿಸಬೇಡಿ.

ನಿಜವಾಗಿ ಹೋಗಿದ್ದರೆ ಗಾಡಿ ನಿಲ್ಲಿಸಿ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಉಪಾಯ ಹೆಡ್ ಗ್ಯಾಸ್ಕೆಟಿಗೆ ನಡೆಯುವುದಿಲ್ಲ, ರೇಡಿಯೇಟರ್ ಕಟ್ಟುತ್ತದೆ ಅಷ್ಟೇ. ಮೆಕ್ಯಾನಿಕ್ಕರಲ್ಲಿ ಮೂರು ಕೇಳಿ: ಹೆಡ್ ಸಮತಟ್ಟಿದೆಯೇ ಎಂದು ನೋಡಿದಿರಾ, ಬಾಗಿದ್ದರೆ ಫೇಸಿಂಗ್ ಮಾಡಿಸಿದಿರಾ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಟಾರ್ಕ್ ವ್ರೆಂಚಿನಲ್ಲಿ ಹಂತಹಂತವಾಗಿ ಬಿಗಿದಿರಾ? ಇಂಜಿನ್ ಬಿಸಿಯಾಗಲು ಕಾರಣವಾದ ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್ ಸರಿ ಮಾಡದಿದ್ದರೆ ಹೊಸ ಗ್ಯಾಸ್ಕೆಟೂ ಹೋಗುತ್ತದೆ.

ಕೊನೆಗೆ, ಹಳೆ ಆಯಿಲನ್ನು ತೋಡಿಗೋ ತೆಂಗಿನ ಬುಡಕ್ಕೋ ಚೆಲ್ಲಬೇಡಿ. ನಾವು ಕುಡಿಯುವ ಬಾವಿ ದೂರದಲ್ಲಿಲ್ಲ. ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿನ ಡ್ರಮ್ಮಿಗೆ ಕೊಡಿ.