ಹಳದಿ ಲಕೋಟೆ ಬಂದಾಗ
ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನ ಮಗ್ಗುಲಲ್ಲಿ ಹಾಯುವ ಎ5 ಹೆದ್ದಾರಿಯಲ್ಲಿ ವೇಗಮಿತಿಯನ್ನು ಮೀರಿದಿರೆಂಬ ದಂಡಾಜ್ಞೆಯು ಹಳದಿ ಲಕೋಟೆಯಲ್ಲಿ ಮನೆಗೆ ಬಂದಲ್ಲಿ, ಅಂಚೆಯವನು ಅದರ ಮೇಲೆ ಬರೆದ ದಿನಾಂಕವನ್ನು ಮೊದಲು ನೋಡಿರಿ. ಏಕೆಂದರೆ ಅಂದಿನಿಂದ ಎರಡು ವಾರಗಳೊಳಗೆ, ದಂಡ ವಿಧಿಸಿದ ಕಚೇರಿಗೇ, 'ಐನ್‌ಶ್ಪ್ರುಖ್' ಎಂಬ ಲಿಖಿತ ಆಕ್ಷೇಪಣೆಯು ತಲುಪತಕ್ಕದ್ದು. ಕಾರಣ ಬರೆಯಲೇಬೇಕೆಂಬ ನಿಯಮವಿಲ್ಲ, ವಕೀಲರೂ ಅನಿವಾರ್ಯರಲ್ಲ. ಭಾಷೆ ಮಾತ್ರ ಜರ್ಮನ್ ಆಗಿರಲಿ.

ಮಾಪನದ ದಾಖಲೆಗಳನ್ನು ಕೇಳಲು ಸಂಕೋಚಪಡಬೇಡಿರಿ: ಕಡತದಲ್ಲಿಲ್ಲದ ಮಾಪನ ವಿವರಗಳನ್ನೂ ಕಾಣುವ ಹಕ್ಕು ಆರೋಪಿತನಿಗೆ ತಾತ್ತ್ವಿಕವಾಗಿ ಉಂಟೆಂದು ಕಾರ್ಲ್ಸ್‌ರೂಯೆಯ ಸಂವಿಧಾನ ನ್ಯಾಯಾಲಯವು 2020ರ ನವೆಂಬರಿನಲ್ಲಿ ನಿರ್ಣಯಿಸಿತು, ಸಾಮಾನ್ಯ ಪ್ರಜೆಗೆ ದೊರೆತ ಮಹತ್ತರ ಬಲವಿದೆಂದೇ ನನ್ನ ಭಾವನೆ.

ಕಚೇರಿಯು ಮಣಿಯದಿದ್ದರೆ ಪ್ರಕರಣವು 'ಆಮ್ಟ್‌ಗೆರಿಖ್ಟ್' ಎಂಬ ಸ್ಥಳೀಯ ನ್ಯಾಯಾಲಯವನ್ನು ಸೇರುವುದು. ವಿನಾಯಿತಿಯಾಗಲಿ ಸಕಾರಣವಾಗಲಿ ಇಲ್ಲದೆ ಗೈರುಹಾಜರಾದವನ ಆಕ್ಷೇಪಣೆಯು ಅಲ್ಲಿಯೇ ವಜಾ ಆಗುವುದು. ನ್ಯಾಯಾಧೀಶರು ದಂಡವನ್ನು ಏರಿಸಲೂ ಬಲ್ಲರಾದ್ದರಿಂದ, ಆಧಾರ ದುರ್ಬಲವೆಂದು ಕಂಡುಬಂದಲ್ಲಿ ವಿಚಾರಣೆಗೆ ಮುನ್ನವೇ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳಿರಿ.