ಬಾಲ್ಕನಿಗೆ ಅದರದೇ ಹವಾಮಾನ

ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ನೋಡಿ ಮನಸೋತು, ನರ್ಸರಿಯಿಂದ ಗಿಡ್ಡ ಆಲವೊಂದನ್ನು ಫ್ಲ್ಯಾಟಿಗೆ ಹೊತ್ತು ತಂದವರ ಮೊದಲ ಪ್ರಶ್ನೆ ಒಂದೇ: ‘ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?’ ಅಶ್ವಿನಿ, ಭರಣಿ ಮಳೆಗಳ ಕಾಲದ ಬೆಂಗಳೂರಿನಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ಸಂಜೆಗೆ ಗುಡುಗು, ಆಲಿಕಲ್ಲು, ಮರುದಿನ ಬರೀ ಮೋಡ.

2016ರ ಏಪ್ರಿಲ್‌ನಲ್ಲಿ ಈ ಊರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅದು ನೆರಳಿನಲ್ಲಿ ಅಳೆದ ಲೆಕ್ಕ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಟೈಲ್ಸು, ಗೋಡೆ, ಗಾಜು ಎಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಕಾವು ಉಗುಳುತ್ತಿರುತ್ತವೆ. ಎರಡಿಂಚು ಆಳದ ಕುಂಡದಲ್ಲಿ ಬೇರಿಗೆ ಓಡಿಹೋಗಲು ಜಾಗವೆಲ್ಲಿ? ಎಲೆಗಿಂತ ಮೊದಲು ಬೇಯುವುದು ಬೇರು. ಹಾಗಾಗಿ ಕುಂಡವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೋ ಇಟ್ಟಿಗೆಯ ಮೇಲೋ ಇಡಬೇಕು. ಮಧ್ಯಾಹ್ನದ ಮೇಲೆ ಹಸಿರು ನೆರಳುಬಲೆ ಎಳೆಯಬೇಕು. ಒಳಗೆ ಹಾಲ್‌ನಲ್ಲಿ ತಂದಿಡುವುದು ಮಾತ್ರ ಬೇಡ, ಬೆಳಕು ಸಾಲದೆ ಗಿಡ ಸೊರಗುತ್ತದೆ.

‘ಪಾಪ, ಮರವನ್ನು ಉಪವಾಸ ಕೆಡವಿ ಕುಳ್ಳಗಾಗಿಸುತ್ತಾರೆ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಾತ್ರ ಹಿಡಿತದಲ್ಲಿರುವುದು ರೆಂಬೆ, ಬೇರು ಕತ್ತರಿಸುವುದರಿಂದ. ಉಪವಾಸ ಬಿದ್ದ ಮರ ಶತಮಾನ ಬಾಳೀತೇ? ವಾಷಿಂಗ್ಟನ್‌ನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ 1625ರಿಂದ ಪಳಗಿಸಿಕೊಂಡು ಬಂದ ಬಿಳಿ ಪೈನ್ ಇದೆ. 1945ರಲ್ಲಿ ಹಿರೋಷಿಮಾದಲ್ಲೇ ಇದ್ದು ಅಣುಬಾಂಬಿನಿಂದ ಪಾರಾದ ಅದನ್ನು ಯಮಾಕಿ ಮನೆತನ 1976ರಲ್ಲಿ ಅಮೆರಿಕಕ್ಕೆ ಉಡುಗೊರೆ ಕೊಟ್ಟಿತು. ತಲೆಮಾರುಗಳ ಕಾಲ ಯಾರೋ ಒಬ್ಬರು ದಿನವೂ ಮಣ್ಣು ಮುಟ್ಟಿ ನೋಡಿದ್ದಾರೆ.

ಆ ಮುಟ್ಟಿ ನೋಡುವುದೇ ಇಲ್ಲಿನ ವಿದ್ಯೆ. ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗತೊಡಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ನೀರು, ಇಲ್ಲವಾದರೆ ಬೇಡ. ಜೇಡ್ ಗಿಡ ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ದಿನಗಟ್ಟಲೆ ತಾಳುತ್ತದೆ. ಕಾಗದದ ಹೂವಿನ ಗಿಡಕ್ಕೆ ತುಸು ಒಣಗಿದರೇ ಹೂವಿನ ಹುಮ್ಮಸ್ಸು. ಆಲ, ಅತ್ತಿಗಳಿಗೆ ಕಡುಬೇಸಿಗೆಯಲ್ಲಿ ಎರಡು ಹೊತ್ತೂ ಬೇಕಾದೀತು.

ಮೋಸ ಮಾಡುವುದು ಮಳೆ. ಅರ್ಧ ಗಂಟೆ ಭೋರೆಂದು ಸುರಿದರೂ ಮೇಲಿನ ಮನೆಯ ಸಜ್ಜಾ ಅಡ್ಡ ಬಂದು ಕುಂಡಕ್ಕೆ ಬೀಳುವುದು ಇರಚಲು ಮಾತ್ರ. ಎಲೆ ತೊಯ್ದಿರುತ್ತದೆ, ಬುಡ ಒಣಗಿರುತ್ತದೆ. ‘ನಿನ್ನೆ ಮಳೆ ಬಂತಲ್ಲ’ ಎಂದು ನೀರು ತಪ್ಪಿಸಿ ಮರ ಕಳೆದುಕೊಂಡವರು ಬಹಳ. ಜಡಿಮಳೆ ಹಿಡಿದರೆ ಉಲ್ಟಾ ಕಷ್ಟ: ಆಗ ಕುಂಡದ ಒಂದು ಬದಿಗೆ ಕಲ್ಲು ಕೊಟ್ಟು ಓರೆ ಮಾಡಿದರೆ ನೀರು ಬಸಿಯುತ್ತದೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಡೆಂಗಿ ಸೊಳ್ಳೆಗೆ ಅಷ್ಟು ಸಾಕು. ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಟ್ಯಾಂಕರ್, ಬೋರ್‌ವೆಲ್‌ನ ಗಡಸು ನೀರು ಕುಂಡದ ಅಂಚಿಗೆ ಕಟ್ಟುವ ಬಿಳಿ ಉಪ್ಪು ಮಣ್ಣಿನಲ್ಲೂ ಕೂಡುತ್ತಿರುತ್ತದೆ.

ಮಳೆಯ ಬೆನ್ನಿಗೇ ಚಿಗುರು ಒತ್ತರಿಸಿ ಬಂದು ಕಾಂಡ ದಪ್ಪಗಾಗುತ್ತದೆ. ರೆಂಬೆಗೆ ಆಕಾರ ಕೊಡಲು ಸುತ್ತಿದ ಅಲ್ಯೂಮಿನಿಯಂ ತಂತಿ ತೊಗಟೆಗೆ ಕಚ್ಚುವ ಮೊದಲೇ ಕತ್ತರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ರೆಂಬೆ ಮುರಿಯುತ್ತದೆ.

ಇನ್ನು ಬೇಸಿಗೆ ರಜೆಗೆ ಊರಿಗೆ ಹೊರಟವರ ಪಾಡು. ಕುಂಡಗಳನ್ನು ನೆರಳಿಗೆ ಸರಿಸಿ, ಒದ್ದೆ ಮರಳಿನ ತಟ್ಟೆಯ ಮೇಲೆ ಕೂರಿಸಿದರೆ ಒಂದೆರಡು ದಿನ ನಡೆದೀತು. ಅದಕ್ಕಿಂತ ಹೆಚ್ಚಿಗೆ ಪಕ್ಕದ ಮನೆಯವರೇ ಗತಿ. ಕೀಲಿ ಕೊಡುವಾಗ ಅವರ ಬೆರಳನ್ನೂ ಒಮ್ಮೆ ಮಣ್ಣಿಗೆ ತಾಗಿಸಿ ತೋರಿಸಿ ಹೋಗಿ.