ಸೋಸಿದ ಮೇಲೆ ಉಳಿಯುವುದೇನು?

ಕೊಡಗಿನ ದಕ್ಷಿಣದ ಅಂಚಿನಲ್ಲಿ, ಬ್ರಹ್ಮಗಿರಿಯ ಮಗ್ಗುಲಲ್ಲಿ ಕುಟ್ಟವೆಂಬ ಊರಿದೆ. ಅದರಾಚೆ ಕೇರಳದ ವಯನಾಡು. ಸುತ್ತಲೂ ಕಾಫಿಯ ತೋಟಗಳು. ಅಲ್ಲಿ ಬೆಳೆದ ಕಾಫಿಯ ಪುಡಿಗೆ ಬಿಸಿನೀರೆರೆದು ಸೋಸುವ ಗೃಹಿಣಿ ನಿತ್ಯವೂ ಒಂದು ಸತ್ಯವನ್ನು ಕಾಣುತ್ತಾಳೆ. ಗಸಿಯು ಮೇಲೆಯೇ ನಿಲ್ಲುತ್ತದೆ. ಬಣ್ಣವೂ ರುಚಿಯೂ ನೀರಿನೊಡನೆ ಕೆಳಗಿಳಿಯುತ್ತವೆ. ಕಣವನ್ನು ತಡೆಯುವುದು ಸುಲಭ. ಕರಗಿದುದನ್ನು ತಡೆಯುವುದು ಕಷ್ಟ. ಪರಮಾಣು ವಿಜ್ಞಾನಿಗಳನ್ನು ಕಾಡಿದ ಸಮಸ್ಯೆಯೂ ಇದೇ.

ಕುಟ್ಟದಲ್ಲಿ ಅಣುಸ್ಥಾವರವಿಲ್ಲ. ಆದರೆ ಅದೇ ಸಹ್ಯಾದ್ರಿಯ ಸಾಲನ್ನು ಹಿಡಿದು ಉತ್ತರಕ್ಕೆ ಸಾಗಿದರೆ, ಕಾರವಾರ ತಾಲ್ಲೂಕಿನಲ್ಲಿ, ಕಾಳೀನದಿಯ ದಡದಲ್ಲಿ ಕೈಗಾ ಎದುರಾಗುತ್ತದೆ. 2000 ಮತ್ತು 2011ರ ನಡುವೆ ಅಲ್ಲಿ ತಲಾ 220 ಮೆಗಾವಾಟ್ ಶಕ್ತಿಯ ನಾಲ್ಕು ಘಟಕಗಳು ಒಂದೊಂದಾಗಿ ಕಾರ್ಯಾರಂಭ ಮಾಡಿದವು. ಇಂತಹ ಸ್ಥಾವರಗಳಲ್ಲಿ ನೆಲ ತೊಳೆದ ನೀರು, ಕೆಲಸಗಾರರ ಉಡುಪು ಒಗೆದ ನೀರು, ಪ್ರಯೋಗಶಾಲೆಯಿಂದ ಹೊರಬಿದ್ದ ನೀರು, ಎಲ್ಲದರಲ್ಲಿಯೂ ಅಷ್ಟಿಷ್ಟು ವಿಕಿರಣಶೀಲ ವಸ್ತು ಬೆರೆತಿರಬಹುದು. ವಿಷ ಅತ್ಯಲ್ಪ, ನೀರು ಅಪಾರ. ಅಷ್ಟನ್ನೂ ಶೇಖರಿಸಿಡಲು ತೊಟ್ಟಿಗಳು ಸಾಲವು. ಹಾಗೆಯೇ ಹೊಳೆಗೆ ಬಿಡುವುದೂ ಸಲ್ಲದು.

ಆದುದರಿಂದ ವಿಜ್ಞಾನಿಗಳು ಪೊರೆಯ ಸೋಸುವಿಕೆಯನ್ನು ಬಳಕೆಗೆ ತಂದರು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಹೋಳಿನೊಳಗಿನ ನೀರು ಉಪ್ಪಿನ ಕಡೆಗೆ ಒಸರುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲರೂ ಬಲ್ಲರು. ಇದೇ ಅಭಿಸರಣೆ. ಪೊರೆಯ ಒಂದು ಪಕ್ಕದ ಉಪ್ಪುನೀರಿನ ಮೇಲೆ ಬಲವಾದ ಒತ್ತಡ ಹಾಕಿದರೆ ನೀರು ಹಿಮ್ಮುಖವಾಗಿ ಹರಿದು, ಕರಗಿದ ಲವಣಗಳ ಬಹುಪಾಲು ಹಿಂದುಳಿಯುತ್ತದೆ. ಅಮೆರಿಕದಲ್ಲಿ ಸಿಡ್ನಿ ಲೋಬ್ ಹಾಗೂ ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಅವರು 1960ರ ಸುಮಾರಿಗೆ ರೂಪಿಸಿದ ಪೊರೆಯಿಂದ ಈ ಕ್ರಮವು ಬಳಕೆಗೆ ಯೋಗ್ಯವಾಯಿತು. ಇಂದು ನಗರದ ಎಷ್ಟೋ ಅಡಿಗೆಮನೆಗಳಲ್ಲಿ ಕುಡಿಯುವ ನೀರನ್ನು ಶುದ್ಧಿಮಾಡುವುದೂ ಇದೇ ತತ್ತ್ವ. ಕೆನಡಾದ ಚಾಕ್ ರಿವರ್ ಪ್ರಯೋಗಾಲಯದಲ್ಲಿ ವಿಕಿರಣಶೀಲ ತ್ಯಾಜ್ಯಕ್ಕೂ ಅದನ್ನು ಬಳಸಲಾಯಿತು.

ಇನ್ನೊಂದು ಉಪಾಯವೂ ಉಂಟು. ಸೀಸಿಯಂ ಅಯಾನುಗಳು ಅತಿ ಸೂಕ್ಷ್ಮ; ತುಸು ದೊಡ್ಡ ರಂಧ್ರಗಳ ಪೊರೆಯಿಂದ ಅವು ನುಸುಳಿಬಿಡುತ್ತವೆ. ಆಗ ಫೆರೋಸಯನೈಡಿನ ಸೂಕ್ಷ್ಮ ಕಣಗಳನ್ನು ನೀರಿಗೆ ಬೆರೆಸುತ್ತಾರೆ. ಸೀಸಿಯಂ ಅವುಗಳಿಗೆ ಅಂಟಿಕೊಳ್ಳುತ್ತದೆ. ಕಣಗಳೊಡನೆ ಅದೂ ಸೆರೆಯಾಗುತ್ತದೆ.

ಆದರೆ ಯಾವ ಪೊರೆಗೂ ಸುಲಭವಾಗಿ ಸಿಕ್ಕದ ಕಳ್ಳನೊಬ್ಬನಿದ್ದಾನೆ: ಟ್ರಿಟಿಯಂ. ಅದು ಜಲಜನಕದ ವಿಕಿರಣಶೀಲ ರೂಪ; ನೀರಿನಲ್ಲಿ ಬೆರೆಯುವುದಿಲ್ಲ, ನೀರೇ ಆಗಿಬಿಡುತ್ತದೆ. ಭಾರಜಲವನ್ನು ಬಳಸುವ ಕೈಗಾದಂತಹ ಸ್ಥಾವರಗಳಲ್ಲಿ ಅದರ ಉತ್ಪತ್ತಿ ಸಹಜ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಶೀತಕವೊಂದರಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತು, 50ಕ್ಕೂ ಹೆಚ್ಚು ಮಂದಿ ಕೆಲಸಗಾರರ ದೇಹವನ್ನು ಸೇರಿತು. ಯಾರೋ ಬೇಕೆಂದೇ ಬೆರೆಸಿದರೆಂದು ಅಧಿಕಾರಿಗಳು ಅಂದು ಹೇಳಿದರು. ಅದು ಸೋಸುವ ಯಂತ್ರದ ಸೋಲಾಗಿರಲಿಲ್ಲ; ಮನುಷ್ಯನ ಕಾವಲಿನ ಸೋಲಾಗಿತ್ತು. ಜಪಾನಿನ ಫುಕುಶಿಮಾದಲ್ಲಿಯೂ ಇತರ ವಸ್ತುಗಳ ಬಹುಪಾಲನ್ನು ತೆಗೆದ ಬಳಿಕ ಟ್ರಿಟಿಯಂ ಉಳಿಯಿತು. ಆ ನೀರನ್ನು ಬಹಳವಾಗಿ ತೆಳುಗೊಳಿಸಿ 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡಲಾರಂಭಿಸಿದರು.

ಹಾಗಾದರೆ ಪೊರೆಯಲ್ಲಿ ಸೆರೆಸಿಕ್ಕ ವಿಷದ ಗತಿಯೇನು? ಸೋಸುವಿಕೆಯು ವಿಕಿರಣವನ್ನು ನಾಶಮಾಡುವುದಿಲ್ಲ. ಹರಡಿದ್ದುದನ್ನು ಒಟ್ಟುಗೂಡಿಸುತ್ತದೆ, ಅಷ್ಟೆ. ಹೀಗೆ ಗಟ್ಟಿಗೊಂಡ ದ್ರವವನ್ನು ಸಿಮೆಂಟಿನಲ್ಲಿ ಕಲಸಿ, ಕಾಂಕ್ರೀಟಿನ ಕಂದಕಗಳಲ್ಲಿ ಹುದುಗಿಸಿ ಕಾಯಬೇಕು. ಸೀಸಿಯಂ ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಸಾವಿರದಲ್ಲೊಂದು ಪಾಲಿಗೆ ಇಳಿಯಲು 300 ವರ್ಷ.

300 ವರ್ಷಗಳ ಹಿಂದೆ ಕೊಡಗನ್ನು ಆಳುತ್ತಿದ್ದವರು ಹಾಲೇರಿಯ ಅರಸರು. ಅವರ ವಂಶ ಅಳಿಯಿತು. ಬ್ರಿಟಿಷರು ಬಂದು ಹೋದರು. ಕುಟ್ಟದ ಸುತ್ತಲಿನ ಗುಡ್ಡಗಳಿಗೆ ಕಾಫಿಯ ಗಿಡ ಬಂದಿತು. ಅಷ್ಟೇ ದೀರ್ಘಕಾಲ ಒಂದು ಕಂದಕವನ್ನು ಮರೆಯದೆ ಕಾಯಬೇಕಾದ ಹೊಣೆಯನ್ನು, ಇಂದು ದೀಪವುರಿಸುವವರು ಇನ್ನೂ ಹುಟ್ಟದವರ ಕೈಗೆ ಒಪ್ಪಿಸುತ್ತಿದ್ದಾರೆ. ಗಸಿಯನ್ನು ಎಸೆದು ಕೈತೊಳೆಯುವ ಸೌಕರ್ಯ ಈ ಸೋಸುವಿಕೆಯಲ್ಲಿ ಇಲ್ಲ.